ಕನ್ನಡಕದವರ ಮಾರ್ಗಪರೀಕ್ಷೆ

ನಡೆಯುವವನಿಗೆ ದಾರಿಯಾಗಿ, ದಾರಿಗೆ ಕೊನೆಯಾಗಿ, ಕೊನೆ ಮುಟ್ಟಿದವನಿಗೆ ನೆರಳಾಗಿ ನಿಂತಿರುವ ಪರಮಾತ್ಮನನ್ನು ಮೊದಲು ನೆನೆಯೋಣ. ಉಪಗ್ರಹಗಳು ಇನ್ನೂ ಆಕಾಶವನ್ನೇರದಿದ್ದ ಕಾಲದಲ್ಲಿಯೂ ಹಕ್ಕಿಯನ್ನು ಗೂಡಿಗೆ, ಹಸುವನ್ನು ಕೊಟ್ಟಿಗೆಗೆ, ಹಸಿದ ಗಂಡಸನ್ನು ಅಡುಗೆಮನೆಗೆ ತಪ್ಪದೆ ಸೇರಿಸುತ್ತಿದ್ದವನು ಅವನೇ. ದಾರಿ ತಪ್ಪಿದವರ ಮೇಲೆ ಕರುಣೆಯುಳ್ಳ, ದಾರಿ ತಪ್ಪಿದೆನೆಂದು ಒಪ್ಪಿಕೊಳ್ಳಲಾರದವರ ಮೇಲೆ ಇನ್ನೂ ಹೆಚ್ಚಿನ ಕರುಣೆಯುಳ್ಳ ಆ ಸ್ವಾಮಿಯು, ಈ ಕಥೆ ಹೇಳುವ ನಾಲಗೆಯು ನಡುದಾರಿಯಲ್ಲಿ ಎತ್ತಲೋ ತಿರುಗಿ ಕಾಡು ಸೇರದಂತೆ ಕಾಪಾಡಲಿ.

ಒಂದು ಊರಿನ ಪೇಟೆಬೀದಿಯ ತಿರುವಿನಲ್ಲಿ ಒಂದು ಕನ್ನಡಕದ ಅಂಗಡಿ. ಅದರ ಯಜಮಾನರನ್ನು ಬೀದಿಯವರು ಎದುರಿಗೆ 'ಕನ್ನಡಕದವರು' ಎಂದೂ ಬೆನ್ನ ಹಿಂದೆ 'ದಿಕ್ಸೂಚಿ' ಎಂದೂ ಕರೆಯುತ್ತಿದ್ದರು. ಮೊದಲನೆಯ ಹೆಸರು ವೃತ್ತಿಯಿಂದ ಬಂದದ್ದು. ಎರಡನೆಯದು ಅನುಭವದಿಂದ ಬಂದದ್ದು: ಅವರು ಯಾವ ಕಡೆಗೆ ಕೈ ತೋರಿಸುತ್ತಾರೋ ಅದಕ್ಕೆ ನೇರ ಎದುರಿನ ದಿಕ್ಕಿನಲ್ಲಿ ಹೋದವರು ತಪ್ಪದೆ ಊರು ಸೇರುತ್ತಿದ್ದರು. ಬಂದವರ ಮುಖ ನೋಡಿದೊಡನೆಯೇ ಅವರ ಕಣ್ಣಿಗೆ ಎಷ್ಟು ಪವರಿನ ಗಾಜು ಬೇಕೆಂದು ಹೇಳಬಲ್ಲ ಈ ಮಹನೀಯರಿಗೆ, ತಮ್ಮದೇ ಅಂಗಡಿಯ ಬಾಗಿಲು ಹಾಕಿ ಹೊರಬಿದ್ದಾಗ ಎಡಕ್ಕೆ ತಿರುಗಬೇಕೋ ಬಲಕ್ಕೋ ಎಂಬುದು ದಿನವೂ ಹೊಸದಾಗಿ ಬಿಡಿಸಬೇಕಾದ ಒಗಟಾಗಿತ್ತು. ವಿಧಿಯ ವಿನೋದವೆಂದರೆ, ಹೀಗಿದ್ದವರ ಬಳಿಯಲ್ಲಿ ಒಂದು ಕೆಂಪು ಮೋಟಾರ್‌ಸೈಕಲ್ಲು ಇತ್ತು. ಆ ಮೋಟಾರ್‌ಸೈಕಲ್ಲೇ ಅವರ ಪ್ರಾಣವೂ ಆಗಿತ್ತು.

ಅವರ ಧರ್ಮಪತ್ನಿ ಅಂಚೆ ಕಚೇರಿಯಲ್ಲಿ ಕಾಗದಗಳನ್ನು ವಿಂಗಡಿಸುವ ಉದ್ಯೋಗದಲ್ಲಿದ್ದರು. ಅರ್ಧ ಅಳಿಸಿದ ವಿಳಾಸವನ್ನೂ ಓದಿ ಕಾಗದವನ್ನು ಸರಿಯಾದ ಬಾಗಿಲಿಗೆ ಮುಟ್ಟಿಸುವ ಕೈ ಅದು. ಈಚೆಗೆ ಒಂದು ದಿನ ಕನ್ನಡಕದವರು ಈಕೆಯನ್ನು ಹಿಂದೆ ಕೂರಿಸಿಕೊಂಡು, ಆಸ್ಪತ್ರೆಯಲ್ಲಿದ್ದ ಬಂಧುವೊಬ್ಬರನ್ನು ನೋಡಲು ಹೊರಟಿದ್ದರು. ಎಷ್ಟು ಸುತ್ತಿದರೋ ದೇವರೇ ಬಲ್ಲ. ಕೊನೆಗೆ ದಾರಿ ಕೇಳೋಣವೆಂದು ಯಾವುದೋ ಬೀದಿಯ ಯಾವುದೋ ಮನೆಯ ಬಾಗಿಲು ತಟ್ಟಿದರೆ, ಗುಣಮುಖರಾಗಿ ಮನೆಗೆ ಮರಳಿದ್ದ ಆ ರೋಗಿಯೇ ಬಂದು ಬಾಗಿಲು ತೆರೆದರು.

"ನಾನು ದಿನಾ ಸಾವಿರ ಕಾಗದ ಸರಿಯಾದ ಮನೆಗೆ ಕಳಿಸ್ತೀನಿ," ಎಂದರು ಹೆಂಡತಿ ಆ ರಾತ್ರಿ ಊಟಕ್ಕೆ ಬಡಿಸುತ್ತಾ. "ಒಬ್ಬ ಗಂಡನ್ನ ಕಳಿಸೋಕೆ ಆಗ್ತಿಲ್ಲ. ಕೇಳಿಸ್ಕೊಳ್ಳಿ, ಇನ್ನೊಂದೇ ಒಂದು ಸಲ ನೀವು ದಾರಿ ತಪ್ಪಿದ್ರೆ ಆ ಗಾಡಿ ನನ್ನ ತಮ್ಮನಿಗೆ. ನೀವು ಬಸ್ಸಲ್ಲಿ ಓಡಾಡಿ. ಬಸ್ಸಿಗೆ ಅಂತ ಒಬ್ಬ ಡ್ರೈವರ್ ಇರ್ತಾನೆ."

ಆಕೆ ಆಡಿದ ಮಾತನ್ನು ಹಿಂತೆಗೆದುಕೊಂಡ ಉದಾಹರಣೆ ಆ ಸಂಸಾರದ ಇತಿಹಾಸದಲ್ಲಿ ಇರಲಿಲ್ಲ. ತಮ್ಮನಂತೂ ಸುದ್ದಿ ತಿಳಿದ ಮರುದಿನವೇ ಒಂದು ಹೊಸ ಹೆಲ್ಮೆಟ್ಟನ್ನು ಕೊಂಡು ತಂದು ತನ್ನ ಮನೆಯ ಗೂಟಕ್ಕೆ ನೇತುಹಾಕಿದ.

ಇಂಥ ಸಂದರ್ಭದಲ್ಲಿ ಜಾಣನಾದವನು ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ನಡೆದುಕೊಂಡು ಹೋಗಿ ಮಾನ ಉಳಿಸಿಕೊಳ್ಳುತ್ತಿದ್ದ. ಕನ್ನಡಕದವರು ಏನು ಮಾಡಿದರೆಂಬುದೇ ಈ ಕಥೆ.

ಆ ಬೀದಿಯಲ್ಲಿ ಮೋಟಾರ್‌ಸೈಕಲ್ಲುಳ್ಳವರು ಸೇರಿ ಕಟ್ಟಿಕೊಂಡಿದ್ದ 'ದಿಗ್ವಿಜಯ ಸವಾರರ ಮಂಡಳಿ' ಎಂಬುದೊಂದಿತ್ತು. ದಿಗ್ವಿಜಯವೆಲ್ಲ ಇಷ್ಟುಕಾಲ ಬೀದಿಯ ಕೊನೆಯ ಚಹಾದಂಗಡಿಯವರೆಗೆ ನಡೆದಿತ್ತು. ಈ ಸಲ ದೂರದ ಕೆರೆಯಂಚಿನ ಅತಿಥಿಗೃಹದವರೆಗೆ ಹೋಗಿಬರಬೇಕೆಂದು ನಿಶ್ಚಯವಾಗಿ, ದಾರಿ ತೋರಿಸಲು ಫೋನಿನಲ್ಲಿ ಯಾವ ಆ್ಯಪನ್ನು ಹಾಕಿಕೊಳ್ಳಬೇಕೆಂಬ ವಿಚಾರ ಕನ್ನಡಕದಂಗಡಿಯಲ್ಲಿ ಚರ್ಚೆಗೆ ಬಂತು. ಮಂಡಳಿಯಲ್ಲಿ ಮೂರು ಮತಗಳಿದ್ದವು.

"ನಂದು ನೋಡಿ," ಎಂದರು ವಿಮೆಯ ಏಜೆಂಟರು. "ಮುಂದೆ ಗುಂಡಿ ಇದೆ, ಮುಂದೆ ಪೊಲೀಸ್ ಇದ್ದಾರೆ, ಮುಂದೆ ಗಾಡಿ ಮಗುಚಿದೆ, ಎಲ್ಲ ಮೊದಲೇ ಹೇಳುತ್ತೆ. ಮೊದಲೇ ಹೆದರಿಕೊಂಡವನು ಆಮೇಲೆ ಅಳಲ್ಲ."

"ನೆಟ್ ಹೋದ್ರೆ?" ಎಂದು ಭೂಗೋಳದ ಮೇಷ್ಟ್ರು ಮೂಗಿನ ತುದಿಯಿಂದ ನೋಡಿದರು. "ನಿಮ್ಮದು ಮೂಕ ಬಸವ. ನನ್ನ ಆ್ಯಪು ನಕ್ಷೆನೆಲ್ಲ ಮೊದಲೇ ಹೊಟ್ಟೆಗೆ ಹಾಕ್ಕೊಂಡು ಹೊರಡುತ್ತೆ. ಕಾಡಿನ ನಡುವೆಯೂ ಮಾತಾಡುತ್ತೆ."

"ನೀವಿಬ್ಬರೂ ಕಾರಿನವರ ಆ್ಯಪು ಹಿಡ್ಕೊಂಡು ಬೈಕ್ ಓಡಿಸ್ತಿದ್ದೀರ!" ಎಂದ ಬೇಕರಿಯವನು. "ನಂದು ಬೈಕಿಗೇ ಅಂತ ಮಾಡಿದ್ದು. ನೆಟ್ಟಗಿರೋ ಬೋರು ದಾರಿ ಬಿಟ್ಟು, ತಿರುವು ಜಾಸ್ತಿ ಇರೋ ದಾರೀನೇ ಹುಡುಕಿ ಕೊಡುತ್ತೆ."

"ಸುತ್ತಿ ಬಳಸಿ ಹೋಗೋಕೆ ಆ್ಯಪು ಯಾಕಯ್ಯಾ? ನಮ್ಮ ದಿಕ್ಸೂಚಿ ಇಲ್ವಾ?" ಎಂದುಬಿಟ್ಟರು ವಿಮೆಯವರು.

ಬೆನ್ನ ಹಿಂದಿನ ಹೆಸರು ಮುಖದ ಮುಂದೆ ಬಂದು ಬಿತ್ತು. ಅಂಗಡಿಯ ಗಾಜಿನ ಬೀರುಗಳೆಲ್ಲ ಗಲಗಲಿಸುವಂತೆ ಮಂಡಳಿ ನಕ್ಕಿತು. ಕನ್ನಡಕದವರು ಮಾತ್ರ ನಗಲಿಲ್ಲ. ಕೈಯಲ್ಲಿದ್ದ ಗಾಜನ್ನು ಬಟ್ಟೆಯಿಂದ ನಿಧಾನವಾಗಿ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಶಾಸ್ತ್ರಾರ್ಥ ನಿರ್ಣಯಿಸುವವರ ಗಾಂಭೀರ್ಯದಿಂದ ನುಡಿದರು:

"ಕಣ್ಣು ಪರೀಕ್ಷೆ ಮಾಡದೆ ನಾನು ಯಾರಿಗಾದರೂ ಕನ್ನಡಕ ಕೊಟ್ಟಿದ್ದೀನಾ? ಇದೂ ಹಾಗೇ. ಮೂರು ಆ್ಯಪನ್ನೂ ನಾನು ಓಡಿಸಿ ನೋಡ್ತೀನಿ. ಯಾವುದು ಒಳ್ಳೇದು ಅಂತ ನಾನು ಹೇಳ್ತೀನಿ. ಕೆರೆಗೆ ಮುಂದಾಳಾಗಿ ಕರ್ಕೊಂಡು ಹೋಗೋನೂ ನಾನೇ. ವಾಪಸ್ ಬಂದ ಮೇಲೆ ಎಲ್ಲರಿಗೂ ನಮ್ಮ ಮನೇಲೇ ಊಟ!"

ಮಂಡಳಿ ದಂಗಾಗಿ ಒಪ್ಪಿಕೊಂಡಿತು. ಅದುವರೆಗೆ ತಮ್ಮ ಫೋನನ್ನು ಮಾತನಾಡುವುದಕ್ಕೂ, ಕೆಳಗೆ ಬಿದ್ದ ತಿರುಪನ್ನು ಟಾರ್ಚ್ ಹಾಕಿ ಹುಡುಕುವುದಕ್ಕೂ ಮಾತ್ರ ಬಳಸಿದ್ದರೆಂಬ ಸಂಗತಿಯನ್ನು ಕನ್ನಡಕದವರು ಸಭೆಯ ಮುಂದಿಡಲಿಲ್ಲ. ಊಟದ ವಿಷಯವನ್ನು ಹೆಂಡತಿಗೆ ತಿಳಿಸಬೇಕೆಂಬುದೂ ಅವರ ನೆನಪಿನಿಂದ ಜಾರಿತು.

ಫೋನಿನ ವಿದ್ಯೆಯಲ್ಲಿ ಅವರಿಗೆ ಗೊತ್ತಿದ್ದ ಒಬ್ಬನೇ ಗುರುವೆಂದರೆ ಫೋನಿನಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಹೆಂಡತಿಯ ತಮ್ಮ, ಅಂದರೆ ಆ ಹೆಲ್ಮೆಟ್ಟಿನವನೇ. ಹಾವಿನ ಹುತ್ತಕ್ಕೇ ಹೋಗಿ ಹಾವಾಡಿಸುವ ವಿದ್ಯೆ ಕಲಿತಂತೆ, ಅವರು ಊರಿನ ಇನ್ನೊಂದು ತುದಿಯ ಬಡಾವಣೆಯಲ್ಲಿದ್ದ ಮಾವನ ಮನೆಗೆ ಹೋದರು. ಹೆಂಡತಿಯೊಡನೆ ಅಸಂಖ್ಯ ಸಲ ಹೋದ ದಾರಿಯಾದ್ದರಿಂದ ಎರಡೇ ಸಲ ಕೇಳಿ ತಲುಪಿದರು.

ಭಾವಮೈದುನ ಮೊದಲು ಹೊರಗೆ ಹೋಗಿ ಕೆಂಪು ಗಾಡಿಯ ಸೀಟನ್ನು ತನ್ನ ಕರವಸ್ತ್ರದಿಂದ ಮೃದುವಾಗಿ ಒರೆಸಿ ಬಂದ. ಆಮೇಲೆ ವಿಮೆಯವರ ಆ್ಯಪನ್ನು ಇಳಿಸಿ, "ಇನ್ನು ಅದೇ ಎರಡು ಮೂರು ಪ್ರಶ್ನೆ ಕೇಳುತ್ತೆ ಭಾವ, ನೀವೇ ಒತ್ತಿ. ಚಾರ್ಜರ್ ತರ್ತೀನಿ," ಎಂದು ಒಳಗೆ ಹೋದ.

ಫೋನಿನ ತೆರೆಯ ಮೇಲೆ ಮೊದಲನೆಯ ಪ್ರಶ್ನೆ ಮೂಡಿತು: 'ಈಗ ನೀವಿರುವ ಸ್ಥಳವೇ ನಿಮ್ಮ ಮನೆಯೇ?' ಅದರ ಕೆಳಗೆ 'ಹೌದು', 'ಅಲ್ಲ'.

ಕನ್ನಡಕದವರ ಹೆಬ್ಬೆರಳು 'ಅಲ್ಲ' ಎಂಬುದರ ಕಡೆಗೆ ಹೊರಟಿತ್ತು. ಅಷ್ಟರಲ್ಲಿ ಹಿಂದಿನಿಂದ ಬಳೆಯ ಸದ್ದಾಯಿತು. ನೀರಿನ ಲೋಟ ಹಿಡಿದು ನಿಂತಿದ್ದ ಅತ್ತೆಯವರು, ಅಳಿಯಂದಿರೇ ಮಾಡಿಕೊಟ್ಟಿದ್ದ ಕನ್ನಡಕದ ಮೂಲಕ ತೆರೆಯನ್ನೇ ನೋಡುತ್ತಿದ್ದರು. ಗಾಜು ಉತ್ತಮವಾಗಿತ್ತು. ಅಕ್ಷರಗಳು ಅವರಿಗೆ ಸ್ಫುಟವಾಗಿ ಕಾಣುತ್ತಿದ್ದವು.

"ಇದು ನಿಮ್ಮನೆ ಅಂತಲೇ ತಿಳ್ಕೊಳ್ಳಿ ಅಂತ ಮದುವೆ ದಿನದಿಂದ ಹೇಳ್ತಾನೇ ಇದ್ದೀನಿ," ಎಂದು ಅತ್ತೆ ನಕ್ಕರು. "ಈಗ ಅದೂ ಕೇಳ್ತಾ ಇದೆ."

ಓದುಗರೇ, ನ್ಯಾಯವಾಗಿ ಹೇಳಿ. ನೀರು ಹಿಡಿದು ನಿಂತ ಅತ್ತೆಯ ಕಣ್ಣೆದುರಿಗೆ, ಇದು ನಿಮ್ಮ ಮನೆಯೇ ಎಂದು ಕೇಳಿದಾಗ, 'ಅಲ್ಲ' ಎಂದು ಒತ್ತುವ ಅಳಿಯ ಎಲ್ಲಿಯಾದರೂ ಹುಟ್ಟಿದ್ದಾನೆಯೇ? ಕನ್ನಡಕದವರು ಸಂಭಾವಿತರು. 'ಹೌದು' ಎಂದು ಒತ್ತಿ, ನೀರು ಕುಡಿದರು.

ಮುಂದಿನ ಭಾನುವಾರ ಮೊದಲನೆಯ ಪರೀಕ್ಷೆ. ಹ್ಯಾಂಡಲ್ಲಿನ ಮೇಲೆ ಫೋನನ್ನು ಕಚ್ಚಿ ಹಿಡಿಯುವ ಒಂದು ಕೊಂಡಿ, ಹೆಲ್ಮೆಟ್ಟಿನೊಳಗೆ ಕಿವಿಗೊಂದು ತಂತಿ, ಕೈಗೆ ಗವಸು. ಗವಸು ಹಾಕಿದ ಬೆರಳನ್ನು ಫೋನು ಬೆರಳೆಂದೇ ಗಣಿಸದ ಕಾರಣ, ದಾರಿಯುದ್ದಕ್ಕೂ ಗವಸನ್ನು ಹಲ್ಲಿನಿಂದ ಕಚ್ಚಿ ತೆಗೆಯುವ ಅಭ್ಯಾಸವೂ ಆಯಿತು. ಹೋಗುವಾಗ ಎಲ್ಲವೂ ಸುಸೂತ್ರ. ಹೇಳಿದ ಗುಂಡಿಗಳೆಲ್ಲ ಹೇಳಿದ ಜಾಗದಲ್ಲಿಯೇ ಇದ್ದವು. ಸಂಜೆ ಹೊಲಗಳ ನಡುವೆ ಗಾಡಿ ನಿಲ್ಲಿಸಿ, 'ಮನೆಗೆ' ಎಂಬ ಗುಂಡಿಯನ್ನು ಒತ್ತಿ, ಕಿವಿಯಲ್ಲಿ ನುಡಿದ ಹೆಣ್ಣುದನಿಯನ್ನು ಅನುಸರಿಸಿ ಅವರು ಹೊರಟರು.

ನಮ್ಮ ಹಿರಿಯರು ಜ್ಞಾನಕ್ಕೆ ಕಣ್ಣಾರೆ ಕಾಣುವುದು ಒಂದು ಪ್ರಮಾಣ, ಆಪ್ತರ ಮಾತು ಇನ್ನೊಂದು ಪ್ರಮಾಣ ಎಂದರು. ಊರಿಗೆಲ್ಲ ಕಣ್ಣು ತಿದ್ದುವ ಈ ಮಹಾಶಯರು ಮಾತ್ರ ಗಾಡಿ ಹತ್ತಿದೊಡನೆ ಪ್ರತ್ಯಕ್ಷವನ್ನು ಸಂಪೂರ್ಣವಾಗಿ ತ್ಯಜಿಸಿ ಶಬ್ದವನ್ನೇ ನಂಬಿದರು. ಎಡಕ್ಕೆ ಎಂದರೆ ಎಡಕ್ಕೆ, ಬಲಕ್ಕೆ ಎಂದರೆ ಬಲಕ್ಕೆ. ಬಡಾವಣೆಗೆ ಹಿಂಬದಿಯ ಕಾಲುವೆ ರಸ್ತೆಯಿಂದ ನುಗ್ಗಿದ್ದರಿಂದ ಬೀದಿಯ ಗುರುತೂ ಹತ್ತಲಿಲ್ಲ. ದನಿ "ನಿಲ್ಲಿಸಿ" ಎಂದಾಗ ನಿಲ್ಲಿಸಿ, ಹೆಲ್ಮೆಟ್ಟು ತೆಗೆದು ತಲೆಯೆತ್ತಿದರೆ ಎದುರಿಗೆ ಅತ್ತೆಯವರು ಬಟ್ಟೆ ಒಣಹಾಕುತ್ತಿದ್ದರು.

"ಅಳಿಯಂದ್ರೇ! ಒಬ್ಬರೇ ಬಂದ್ರಾ? ಮಗಳೆಲ್ಲಿ?"

ಅತ್ತೆಯ ಹಿಂದೆ ಭಾವಮೈದುನನ ತಲೆ ಕಾಣಿಸಿತು. ಆ ತಲೆಗೆ ಹೊಂದುವ ಹೆಲ್ಮೆಟ್ಟೂ ಗೋಡೆಯ ಮೇಲೆ ಕಾಣಿಸಿತು. ದಾರಿ ತಪ್ಪಿ ಬಂದೆನೆಂದು ಬಾಯಿಬಿಟ್ಟರೆ ಗಾಡಿ ಅಲ್ಲಿಯೇ ಉಳಿಯುತ್ತದೆ.

"ಸುಮ್ನೆ..." ಎಂದರು ಕನ್ನಡಕದವರು. "ನಿಮ್ಮನ್ನ, ಮಾವನ್ನ ನೋಡಬೇಕು ಅನ್ನಿಸ್ತು."

ಅತ್ತೆಯ ಕೈಯಲ್ಲಿದ್ದ ಒದ್ದೆ ಪಂಚೆ ಕೆಳಗೆ ಬಿತ್ತು. ಮದುವೆಯಾದಂದಿನಿಂದ ಯಾವ ಅಳಿಯನಿಗೂ ಹೀಗೆ ಅನ್ನಿಸಿದ್ದನ್ನು ಅವರು ಕೇಳಿರಲಿಲ್ಲ. ಊಟ ಬಡಿಸುತ್ತಾ ಮುಖವನ್ನೇ ನೋಡಿದರು. ಅಳಿಯ ತಲೆತಗ್ಗಿಸಿ ಉಣ್ಣುತ್ತಿದ್ದರು. ತಮ್ಮ ಆ್ಯಪಿನ ನೀಚತನವನ್ನು ಅವರು ಚಿಂತಿಸುತ್ತಿದ್ದರೆಂದು ಆ ತಾಯಿಗೆ ಹೇಗೆ ತಿಳಿಯಬೇಕು?

ತಾರ್ಕಿಕನಾಗಿದ್ದರೆ ಕಾರಣವನ್ನು ಹುಡುಕುತ್ತಿದ್ದ. ಕನ್ನಡಕದವರು ಆ್ಯಪನ್ನು ಬದಲಿಸಿದರು. ಊಟವಾದ ಮೇಲೆ ಭಾವಮೈದುನನಿಗೆ ಹೇಳಿ, ಅಲ್ಲಿಯೇ ಕುಳಿತು ಮೇಷ್ಟ್ರ ಆ್ಯಪನ್ನೂ ಹಾಕಿಸಿಕೊಂಡರು. ಅದೂ ಅದೇ ಪ್ರಶ್ನೆ ಕೇಳಿತು. ಈ ಸಲ ಪಕ್ಕದಲ್ಲಿ ಅತ್ತೆಯಲ್ಲದೆ ಮಾವನವರೂ ಇದ್ದರು. 'ಹೌದು.'

ಅತ್ತೆ ಮರುದಿನ ಮಗಳಿಗೆ ಫೋನು ಮಾಡಿದರು.

"ಏನಮ್ಮಾ, ಗಂಡನಿಗೆ ಏನಾದ್ರೂ ಅಂದ್ಯಾ?"

"ಏನೂ ಅಂದಿಲ್ಲಮ್ಮ."

"ಏನೂ ಅಂದಿಲ್ಲ ಅಂತ ಇಷ್ಟು ಬೇಗ ಹೇಳ್ತಿದ್ದೀಯ ಅಂದ್ರೆ ಏನೋ ಅಂದಿದ್ದೀಯ."

ಹೆಂಡತಿ ಫೋನು ಇಟ್ಟು ಯೋಚನೆಗೆ ಬಿದ್ದರು. ಮನೆಯಲ್ಲಿ ಬಾಯಿ ಬಿಡದ ಗಂಡ ತವರುಮನೆಗೆ ಹೋಗಿ ತನ್ನ ಮೇಲೆ ದೂರು ಹೇಳಿರಬೇಕು! ಅಂದಿನಿಂದ ಊಟದ ತಟ್ಟೆ ಸ್ವಲ್ಪ ಸದ್ದಾಗಿಯೇ ಮೇಜಿನ ಮೇಲೆ ಕೂರತೊಡಗಿತು. ದಾರಿ ತಪ್ಪಿದ ಸುದ್ದಿ ಇವಳಿಗೆ ತಿಳಿದೇಹೋಯಿತೆಂದು ಗಂಡ ನಡುಗಿದರು. ಒಂದೇ ಮೇಜಿನಲ್ಲಿ ಕುಳಿತು ಇಬ್ಬರೂ ಎರಡು ಬೇರೆ ಬೇರೆ ಜಗಳಗಳನ್ನು ಮೌನವಾಗಿ ಆಡಿದರು.

ಎರಡನೆಯ ಪರೀಕ್ಷೆಗೆ ಕನ್ನಡಕದವರು ಸಿದ್ಧತೆ ಹೆಚ್ಚಿಸಿದರು. ಮಳೆಯಂಗಿ, ಪಂಕ್ಚರ್ ಹಾಕುವ ಸಾಮಾನು, ಒಂದು ಜೊತೆ ಬಟ್ಟೆ, ಎಲ್ಲವನ್ನೂ ದೊಡ್ಡ ಚೀಲದಲ್ಲಿ ತುಂಬಿ ಹಿಂದೆ ಬಿಗಿದರು. ಮೇಷ್ಟ್ರ ಆ್ಯಪು ನೆಟ್ಟಿಲ್ಲದ ಗುಡ್ಡದ ನೆತ್ತಿಯಲ್ಲಿಯೂ ಬಾಯಿಪಾಠ ಒಪ್ಪಿಸುವ ವಿದ್ಯಾರ್ಥಿಯಂತೆ ದಾರಿ ಹೇಳಿತು. ಹಿಂದಿರುಗುವಾಗ, ಒಂದು ಮಿಲ್ಲಿನ ಹಿಂಭಾಗ, ಒಂದು ಆಟದ ಬಯಲು, ಒಂದು ಇಕ್ಕಟ್ಟಾದ ಓಣಿ. ಓಣಿಯ ಬಾಯಲ್ಲಿ ದನಿ ನಿಲ್ಲಿಸಿತು. ಎದುರಿಗೆ ಮಾವನವರು ಗೇಟಿಗೆ ಎಣ್ಣೆ ಹಾಕುತ್ತಿದ್ದರು.

ಮಾವನವರು ನಿವೃತ್ತ ಸ್ಟೇಷನ್ ಮಾಸ್ಟರು. ಅವರ ದೃಷ್ಟಿ ಅಳಿಯನ ಮುಖದಿಂದ ಚೀಲಕ್ಕೆ ಇಳಿದು ಅಲ್ಲಿಯೇ ನಿಂತಿತು. ಲಗೇಜು ಸಮೇತ ಬಂದ ಪ್ರಯಾಣಿಕನ ಉದ್ದೇಶವನ್ನು ತಿಳಿಯದಷ್ಟು ಅನನುಭವಿಗಳಲ್ಲ ಅವರು.

"ಬನ್ನಿ ಅಳಿಯಂದ್ರೇ, ಕೂತ್ಕೊಳ್ಳಿ," ಎಂದು ಹೆಗಲ ಮೇಲೆ ಕೈಯಿಟ್ಟರು. "ಸಂಸಾರ ಅಂದ್ರೆ ಎರಡು ಹಳಿ. ಅಂತರ ಇದ್ದೇ ಇರುತ್ತೆ. ಅಂತರ ಇದ್ರೇನೇ ಗಾಡಿ ಓಡೋದು. ಏನು, ಮಾತಿಗೆ ಮಾತು ಬೆಳೀತಾ?"

ಬಿಸಿತುಪ್ಪ ಬಾಯಲ್ಲಿ. ಇಲ್ಲವೆಂದರೆ ಮತ್ತೆ ಯಾಕೆ ಬಂದಿರಿ ಎಂಬ ಪ್ರಶ್ನೆ. ಹೌದೆಂದರೆ ಆಡದ ಜಗಳಕ್ಕೆ ರುಜು. ಒಳಗೆ ಭಾವಮೈದುನ ಹೆಲ್ಮೆಟ್ಟಿನ ಗಾಜಿಗೆ ಉಸಿರು ಬಿಟ್ಟು ಒರೆಸುತ್ತಿದ್ದ.

"ಸ್ವಲ್ಪ... ಬೆಳೀತು ಮಾವ," ಎಂದುಬಿಟ್ಟರು ಕನ್ನಡಕದವರು.

ಪಕ್ಕದ ಮನೆಯ ಗೋಡೆಯಾಚೆ ಒಂದು ಕೆಮ್ಮು ಕೇಳಿಸಿತು. ಅಲ್ಲಿದ್ದವರು ಕೋರ್ಟಿನಲ್ಲಿ ಜನ್ಮವೆಲ್ಲ ಸಮನ್ಸು ಜಾರಿಮಾಡಿ ನಿವೃತ್ತರಾದ ಅಮೀನರು. ಗೋಡೆಯ ಮೇಲೆ ಮೊದಲು ಅವರ ಟೋಪಿ, ಆಮೇಲೆ ಅವರು ಉದಯಿಸಿದರು.

"ಸ್ಟೇಷನ್ ಮಾಸ್ಟ್ರೇ, ನಡುವೆ ಬಾಯಿ ಹಾಕ್ತೀನಿ ಅಂತ ಬೇಜಾರಾಗಬೇಡಿ. ಗಂಡಸು ಬಟ್ಟೆ ಸಮೇತ ಮನೆ ಬಿಟ್ಟು ಬಂದ ಅಂದ್ರೆ ಅದು ಮೊದಲನೇ ಹಂತ. ಎರಡನೇದು ವಕೀಲರು. ನಾನು ನೂರಾರು ನೋಡಿದ್ದೀನಿ. ಬೇಗ ಹಿರಿಯರನ್ನ ಸೇರಿಸಿ."

"ಅಯ್ಯೋ, ಅಷ್ಟೆಲ್ಲ ಏನಿಲ್ಲ!" ಎಂದು ಕನ್ನಡಕದವರು ಗಾಬರಿಯಿಂದ ಎದ್ದರು.

"ಏನಿಲ್ಲ ಅಂತಾನೇ ಎಲ್ಲರೂ ಶುರುಮಾಡೋದು," ಎಂದು ಅಮೀನರು ಅಸ್ತಮಿಸಿದರು.

ಆ ದುಃಖದ ನಡುವೆಯೂ ಕನ್ನಡಕದವರು ಕರ್ತವ್ಯ ಮರೆಯಲಿಲ್ಲ. ಬೇಕರಿಯವನ ಆ್ಯಪೊಂದು ಬಾಕಿಯಿತ್ತು. ಅದನ್ನೂ ಅಲ್ಲಿಯೇ ಹಾಕಿಸಿಕೊಂಡರು. ಮನೆಮಂದಿಯೆಲ್ಲ ಕಣ್ಣಲ್ಲಿ ನೀರು ತಂದುಕೊಂಡು ಸುತ್ತ ನಿಂತಿರುವಾಗ ಅದೇ ಪ್ರಶ್ನೆ ಮೂರನೆಯ ಸಲ ಬಂತು. 'ಹೌದು' ಒತ್ತಿದಾಗ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಪಾಪ, ಇನ್ನು ಇದೇ ಅಂತ ನಿರ್ಧಾರ ಮಾಡಿಬಿಟ್ರು," ಎಂದು ಗಂಡನ ಕಿವಿಯಲ್ಲಿ ಹೇಳಿದರು.

ಸುದ್ದಿ ಚಿಕ್ಕಪ್ಪನಿಗೆ ಮುಟ್ಟಿತು. ಚಿಕ್ಕಪ್ಪ ಎಂದರೆ ಮಾವನವರ ತಮ್ಮ. ಹಿಟ್ಟಿನ ಗಿರಣಿಯ ಮಾಲೀಕರು. ಗಿರಣಿಯ ಸದ್ದಿನ ಮೇಲೆ ಕೂಗಿ ಕೂಗಿ, ಗುಟ್ಟನ್ನೂ ನಾಲ್ಕು ಬೀದಿಗೆ ಕೇಳುವಂತೆ ಹೇಳುವುದು ಅವರ ಸಹಜ ಧ್ವನಿಯಾಗಿತ್ತು.

"ಯಾರಿಗೂ ಗೊತ್ತಾಗಬಾರದು!" ಎಂದು ಅವರು ಅಣ್ಣನ ಮನೆಯಲ್ಲಿ ಗರ್ಜಿಸಿದರು. "ಭಾನುವಾರ ಸಂಜೆ ಸೇರೋಣ! ಮೊದಲು ನಮ್ಮ ಹುಡುಗಿ ಏನಂತಾಳೆ ಕೇಳೋಣ! ಆಮೇಲೆ ಅವನನ್ನ ವಿಚಾರಿಸೋಣ!"

ಆ ಭಾನುವಾರವೇ ಮಂಡಳಿಯ ದಿಗ್ವಿಜಯ. ಏಳು ಮೋಟಾರ್‌ಸೈಕಲ್ಲುಗಳು ಕೆರೆಗೆ ಹೊರಟವು. ಎಲ್ಲರ ಮುಂದೆ ಕೆಂಪು ಗಾಡಿ. ಬೇಕರಿಯವನ ಆ್ಯಪು ಮಾತಿಗೆ ತಪ್ಪದೆ ತಿರುವಿನ ಮೇಲೆ ತಿರುವು ಕೊಟ್ಟು ಎಲ್ಲರ ನಡುವನ್ನೂ ಕಳಚಿತಾದರೂ ಕೆರೆ ಬಂತು. ನೀರು ನೋಡಿದರು. ಫೋಟೋ ತೆಗೆದುಕೊಂಡರು. ಅತಿಥಿಗೃಹಕ್ಕೆ ಬೀಗ ಹಾಕಿತ್ತು. ರಾತ್ರಿ ಕನ್ನಡಕದವರ ಮನೆಯಲ್ಲಿ ಊಟವಿದೆಯಲ್ಲಾ ಎಂಬ ಒಂದೇ ಭರವಸೆಯ ಮೇಲೆ ಮಂಡಳಿ ಹಸಿವನ್ನು ತಡೆದುಕೊಂಡು ಹಿಂದಿರುಗಿತು.

ಊರು ಸಮೀಪಿಸಿದಾಗ ಒಂದು ಕವಲು. ಬೇಕರಿಯವನ ಆ್ಯಪು "ಎಡಕ್ಕೆ" ಎಂದಿತು. ಭೂಗೋಳದ ಮೇಷ್ಟ್ರು ಹಿಂದಿನಿಂದ ಕೂಗಿದರು: "ನಮ್ಮ ಬೀದಿ ಬಲಕ್ಕಲ್ವೇನ್ರೀ?"

ಕನ್ನಡಕದವರು ಗಕ್ಕನೆ ಬ್ರೇಕು ಹಾಕಿದರು. ಆದರೆ ಪರೀಕ್ಷಕರ ಧರ್ಮವನ್ನು ಅವರು ಬಿಡಲಿಲ್ಲ. ಗವಸನ್ನು ಹಲ್ಲಿನಿಂದ ಕಿತ್ತು, ಗಾಡಿಯ ಮೇಲೆಯೇ ಕುಳಿತು ಮೂರು ಆ್ಯಪುಗಳನ್ನೂ ಒಂದೊಂದಾಗಿ ತೆರೆದು 'ಮನೆಗೆ' ಎಂದು ಒತ್ತಿದರು. ಮೂರೂ ಒಂದೇ ಕಂಠದಿಂದ ಎಡಕ್ಕೆ ಎಂದವು.

"ಒಬ್ಬ ಸಾಕ್ಷಿ ಸುಳ್ಳು ಹೇಳಬಹುದು," ಎಂದರು ಕನ್ನಡಕದವರು, ಕಳೆದುಹೋಗಿದ್ದ ಧೈರ್ಯ ಮರಳಿ ಬಂದು. "ಮೂವರೂ ಹೇಳ್ತಾರೇನ್ರೀ? ನಿಮ್ಮ ಆ್ಯಪೇ ಹೇಳ್ತಿದೆ ಮೇಷ್ಟ್ರೇ, ನೋಡಿ."

ಮೇಷ್ಟ್ರು ಕನ್ನಡಕದವರ ಫೋನಿನಲ್ಲಿ ತಮ್ಮ ಆ್ಯಪನ್ನು ನೋಡಿದರು. ವಿಮೆಯವರು ತಮ್ಮದನ್ನು, ಬೇಕರಿಯವನು ತನ್ನದನ್ನು ನೋಡಿದರು. ಮೂವರಿಗೂ ಮನೆ ಬಲಕ್ಕಿದೆಯೆಂದು ಬಾಲ್ಯದಿಂದಲೂ ಗೊತ್ತಿತ್ತು. ಆದರೆ ತನ್ನ ಆ್ಯಪಿನ ಮಾತನ್ನು ತಾನೇ ಎಲ್ಲರ ಮುಂದೆ ಅಲ್ಲಗಳೆಯುವವರು ಯಾರು? ಸಿದ್ಧಾಂತಕ್ಕೆ ಕಟ್ಟುಬಿದ್ದು ಏಳು ಗಾಡಿಗಳೂ ಎಡಕ್ಕೆ ತಿರುಗಿದವು.

ಇತ್ತ ಮಾವನವರ ಮನೆಯ ನಡುಕೋಣೆಯಲ್ಲಿ ಸಭೆ ಕೂಡಿತ್ತು. ಅಂಚೆ ಕಚೇರಿಯಲ್ಲಿ ಯಾರ ಮಾತನ್ನೂ ಕೇಳದ ಮಗಳು ನಡುವಿನ ಕುರ್ಚಿಯಲ್ಲಿ ಆರೋಪಿಯಂತೆ ಕುಳಿತಿದ್ದರು.

"ನಿಜ ಹೇಳು ಮಗಳೇ!" ಎಂದು ಚಿಕ್ಕಪ್ಪ ಮೆಲ್ಲನೆ ಕಿರುಚಿದರು. "ಅವನಿಗೆ ಏನಂದೆ!"

"ದಾರಿ ತಪ್ಪಬೇಡಿ ಅಂದೆ ಚಿಕ್ಕಪ್ಪ. ಅಷ್ಟೇ."

"ದಾರಿ ತಪ್ಪೋದಾ!" ಎಂದು ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡರು. "ಅಂಥವರಲ್ಲಮ್ಮ ನಮ್ಮ ಅಳಿಯ! ಗಂಡನ ಮೇಲೆ ಅಂಥ ಅನುಮಾನವಾ?"

"ಅಮ್ಮಾ, ನಾನು ಹೇಳಿದ್ದು ರಸ್ತೆ!"

ಆ ಹೊತ್ತಿಗೆ ಬೀದಿಯ ಕೊನೆಯಲ್ಲಿ ಗುಡುಗು ಕೇಳಿಸಿತು. ಏಳು ದೀಪಗಳು ಓಣಿಯಲ್ಲಿ ತಿರುಗಿ ಮನೆಯ ಮುಂದೆ ಸಾಲಾಗಿ ನಿಂತವು. ಏಳು ಮಂದಿ, ಧೂಳಿನಿಂದ ಮುಖ ಕಾಣದವರು, ಏಳು ಹೆಲ್ಮೆಟ್ಟುಗಳು.

"ಜನ ಕಟ್ಟಿಕೊಂಡು ಬಂದ!" ಎಂದರು ಚಿಕ್ಕಪ್ಪ. ಅದು ನಾಲ್ಕು ಬೀದಿಗೆ ಕೇಳಿಸಿತು. ಗೋಡೆಯಾಚೆಯ ಅಮೀನರು ಮೂರನೆಯ ಹಂತ ಬಂತೆಂದು ನಿಶ್ಚಯಿಸಿ, ಮೂಲೆಯಲ್ಲಿ ಗಸ್ತು ತಿರುಗುತ್ತಿದ್ದ ಪೊಲೀಸ್ ಪೇದೆಯನ್ನು ಕೈಹಿಡಿದು ಕರೆತಂದರು.

ಪೇದೆ ಲಾಠಿಯಿಂದ ಒಂದೊಂದು ಗಾಡಿಯನ್ನೂ ಮುಟ್ಟಿ ನೋಡಿದ.

"ಯಾರ್ರೀ ಇಲ್ಲಿ ಲೀಡರ್ರು?"

ಆರು ಬೆರಳುಗಳು ಕನ್ನಡಕದವರನ್ನು ತೋರಿಸಿದವು.

"ಎಲ್ಲಿಗೆ ಹೊರಟಿದ್ರಿ?"

"ಮನೆಗೆ ಸಾರ್."

"ಇವರೆಲ್ಲ ಯಾಕೆ?"

"ಊಟ ಇದೆ ಅಂದಿದ್ರು ಸಾರ್," ಎಂದ ಬೇಕರಿಯವನು, ಹಸಿವಿನಿಂದ ಕ್ಷೀಣವಾದ ದನಿಯಲ್ಲಿ.

ಪೇದೆ ಮನೆಯನ್ನು ನೋಡಿದ, ಬಾಗಿಲಲ್ಲಿ ಗುಂಪಾಗಿ ನಿಂತವರನ್ನು ನೋಡಿದ, ಕನ್ನಡಕದವರನ್ನು ನೋಡಿದ. "ಇದು ನಿಮ್ಮ ಮನೆಯೇನ್ರೀ?"

ಅದೇ ಪ್ರಶ್ನೆ, ನಾಲ್ಕನೆಯ ಸಲ. ಕನ್ನಡಕದವರು ತಲೆಯೆತ್ತಿದರು. ಪೇದೆಯ ಪಕ್ಕದಲ್ಲಿಯೇ, ಕನ್ನಡಕ ಸರಿಪಡಿಸಿಕೊಳ್ಳುತ್ತಾ, ಅತ್ತೆಯವರು ನಿಂತಿದ್ದರು.

"ಹೌದು," ಎಂದರು ಕನ್ನಡಕದವರು.

ಕಿವಿಯ ತಂತಿ ಯಾವಾಗಲೋ ಕಳಚಿಬಿದ್ದಿತ್ತು. ಹ್ಯಾಂಡಲ್ಲಿನ ಮೇಲಿದ್ದ ಫೋನು ಆ ನಿಶ್ಶಬ್ದದಲ್ಲಿ ತನ್ನ ಮಧುರವಾದ ದನಿಯಿಂದ ಇಡೀ ಸಭೆಗೆ ಕೇಳುವಂತೆ ಸಾರಿತು: "ನೀವು ನಿಮ್ಮ ಮನೆಯನ್ನು ತಲುಪಿದ್ದೀರಿ."

"ಕೇಳಿದ್ರಾ!" ಎಂದು ಚಿಕ್ಕಪ್ಪ ಕುಣಿದರು. "ಅಣ್ಣಾ! ನಿನ್ನ ಮನೆ ತನ್ನದು ಅಂತ ಫೋನಲ್ಲೇ ಬರೆಸ್ಕೊಂಡಿದ್ದಾನೆ! ಜನ ಸಮೇತ ಸ್ವಾಧೀನಕ್ಕೆ ಬಂದಿದ್ದಾನೆ!"

"ಸ್ವಾಧೀನಕ್ಕೆ ಅಮೀನ ಬೇಕು, ನನಗೆ ಯಾರೂ ಹೇಳೇ ಇಲ್ಲ," ಎಂದರು ಅಮೀನರು, ಸ್ವಲ್ಪ ನೊಂದುಕೊಂಡು.

ಭಾವಮೈದುನ ಮುಂದೆ ಬಂದು ಫೋನನ್ನು ಕೊಂಡಿಯಿಂದ ಬಿಡಿಸಿಕೊಂಡ. ಒಂದು ಆ್ಯಪು ತೆರೆದ, ಇನ್ನೊಂದು ತೆರೆದ, ಮತ್ತೊಂದು. ಅವನ ಮುಖದಲ್ಲಿ ಸೂರ್ಯೋದಯವಾಯಿತು.

"ಭಾವಾ! ಮೂರರಲ್ಲೂ ಮನೆ ಅಂತ ನಮ್ಮನೇನೇ ಹಾಕಿದ್ದೀರಲ್ಲಾ! ಎಲ್ಲಿಂದ ಹೊರಟ್ರೂ ಇಲ್ಲಿಗೇ ಬರ್ತೀರ!"

ಹೆಂಡತಿ ಜನರನ್ನು ಸರಿಸಿಕೊಂಡು ಮೆಟ್ಟಿಲಿಳಿದು ಬಂದರು. "ಯಾಕ್ರೀ ಹಾಗೆ ಹಾಕಿದ್ರಿ?"

ಕನ್ನಡಕದವರು ಗವಸನ್ನು ಹಿಂಡಿದರು. "ಇದು ನಿಮ್ಮ ಮನೆಯೇ ಅಂತ ಕೇಳ್ತು ಕಣೇ. ಅತ್ತೆ ಪಕ್ಕದಲ್ಲೇ ನಿಂತಿದ್ರು. ಅಲ್ಲ ಅಂತ ಹೇಗೆ ಒತ್ತೋದು?"

"ಅಂದ್ರೆ, ಅಪ್ಪ ಅಮ್ಮನ್ನ ನೋಡೋಕೆ ಬಂದದ್ದಲ್ಲ."

"ಅಲ್ಲ."

"ನಾನು ನಿಮ್ಮ ಜೊತೆ ಜಗಳ ಆಡಿಲ್ಲ."

"ಇಲ್ಲ."

"ದಾರಿ ತಪ್ಪಿ ಬಂದ್ರಿ. ಮೂರು ಸಲ."

ಕನ್ನಡಕದವರು ಕೆಂಪು ಗಾಡಿಯ ಟ್ಯಾಂಕಿನ ಮೇಲೆ ಅಂಗೈಯಿಟ್ಟರು, ಬೀಳ್ಕೊಡುವವರಂತೆ. ಭಾವಮೈದುನ ಸದ್ದಿಲ್ಲದೆ ಒಳಗೆ ಹೋಗಿ ಹೆಲ್ಮೆಟ್ಟು ಹಿಡಿದು ಹೊರಗೆ ಬಂದ. ಬೀಗದ ಕೈಗಾಗಿ ಅವನ ಕೈ ಚಾಚಿಕೊಂಡಿತು.

"ತಡಿಯೋ," ಎಂದರು ಅತ್ತೆ.

ಅವರ ದನಿ ಎಂದಿಗಿಂತ ಸಣ್ಣದಾಗಿತ್ತು. ಚಿಕ್ಕಪ್ಪನವರೂ ಬಾಯಿ ಮುಚ್ಚಿದರು.

"ನಾನು ಪಕ್ಕದಲ್ಲಿದ್ದೆ ಅಂತ ಅಲ್ಲ ಅನ್ನಲಿಲ್ಲ. ಅದರಿಂದ ಇಷ್ಟೆಲ್ಲ ಪಜೀತಿ ಆದ್ರೂ ಇವತ್ತು ಪೊಲೀಸರು ಕೇಳಿದಾಗಲೂ ಅಲ್ಲ ಅನ್ನಲಿಲ್ಲ. ಹೆತ್ತ ಮಗನೇ ಈ ಮನೆಯನ್ನ ಲಾಡ್ಜ್ ಥರ ನೋಡ್ತಾನೆ. ಮಗಳೇ, ದಾರಿ ತಪ್ಪೋದು ಅಂದ್ರೇನು? ಮನೆಗೆ ಹೊರಟೋರು ಬೇರೆಲ್ಲೋ ಹೋಗೋದು. ಇವರು ಮನೆಗೆ ಹೊರಟರು, ಮನೆಗೆ ಬಂದರು. ಇದು ಅವರ ಮನೆ ಅಲ್ವಾ? ನನ್ನ ಮುಖ ನೋಡಿ ಹೇಳು."

ಮಗಳು ತಾಯಿಯ ಮುಖ ನೋಡಿದರು. 'ಹೌದು' ಎಂದರೆ ಗಾಡಿ ಗಂಡನದೇ. 'ಅಲ್ಲ' ಎನ್ನಬೇಕಾದರೆ ತಾಯಿಯ ಕಣ್ಣೆದುರಿಗೆ ಎನ್ನಬೇಕು. ಸಾವಿರ ವಿಳಾಸಗಳನ್ನು ಬಿಡಿಸಿ ಓದಿದ ಆ ಬುದ್ಧಿಗೆ, ಒಂದು ಫೋನು ಹಿಡಿದು ಕುಳಿತ ಗಂಡನ ಹೆಬ್ಬೆರಳಿನ ಕಷ್ಟ ಏನಿತ್ತೆಂಬುದು ಅಂದು ಮೊದಲ ಬಾರಿಗೆ ಅರ್ಥವಾಯಿತು.

"ಹೌದಮ್ಮ," ಎಂದರು ನಿಟ್ಟುಸಿರಿಟ್ಟು. "ಮೇಲೆ ಬರೆದ ವಿಳಾಸಕ್ಕೆ ಕಾಗದ ತಲುಪಿದ್ರೆ ಅದು ಹಂಚೋನ ತಪ್ಪಲ್ಲ. ಗಾಡಿ ಇವರ ಹತ್ತಿರಾನೇ ಇರಲಿ."

"ಲೈನ್ ಕ್ಲಿಯರ್!" ಎಂದರು ಮಾವನವರು.

ಏಳು ಮಂದಿ ಹಸಿದವರಿಗೂ, ವಿಚಾರಣೆಗೆ ಬಂದ ಬಂಧುಗಳಿಗೂ, ಅಮೀನರಿಗೂ, ಬೇಡ ಬೇಡವೆನ್ನುತ್ತಾ ಕುಳಿತ ಪೇದೆಗೂ ಅಲ್ಲಿಯೇ ಎಲೆ ಬಿತ್ತು. ಅನ್ನ ಎರಡು ಸಲ ಬೆಂದಿತು. ಕೈತೊಳೆಯುವಾಗ ವಿಮೆಯವರು ಕೇಳಿದರು: "ಅದೆಲ್ಲ ಸರಿ ಕನ್ನಡಕದವರೇ, ಯಾವ ಆ್ಯಪು ಒಳ್ಳೇದು ಅಂತ ನೀವು ಹೇಳಲೇ ಇಲ್ಲವಲ್ಲ?"

ಕನ್ನಡಕದವರು ತಮ್ಮ ಕನ್ನಡಕವನ್ನು ತೆಗೆದು, ಒರೆಸಿ, ಹಾಕಿಕೊಂಡರು. "ಮೂರೂ ಒಂದೇ ಕಡೆ ತಲುಪಿಸಿದವು," ಎಂದರು. "ಮೂರಕ್ಕೂ ಕಣ್ಣು ಚೆನ್ನಾಗಿದೆ. ನೋಡೋಕೆ ಹೇಳಿದವನದು ತಪ್ಪು."

ಮೂರು ಮತದವರೂ ತಾವೇ ಗೆದ್ದೆವೆಂದು ತಿಳಿದು ಸಂತೋಷದಿಂದ ಮನೆಗೆ ಹೋದರು.

ಹೊರಡುವಾಗ ಹೆಂಡತಿ ತಮ್ಮನ ಕೈಯಿಂದ ಹೆಲ್ಮೆಟ್ಟನ್ನು ತೆಗೆದುಕೊಂಡು ತಾವೇ ಹಾಕಿಕೊಂಡರು. ಅಳತೆ ಸರಿಯಾಗಿಯೇ ಇತ್ತು. "ಕೊಂಡದ್ದು ದಂಡವಾಗಲಿಲ್ಲ ಬಿಡೋ," ಎಂದು ಅವನ ತಲೆ ನೇವರಿಸಿ ಹಿಂದೆ ಹತ್ತಿ ಕುಳಿತರು. ದಾರಿಯಲ್ಲಿ ಎಡಕ್ಕಾದರೆ ಎಡ ಹೆಗಲ ಮೇಲೆ, ಬಲಕ್ಕಾದರೆ ಬಲ ಹೆಗಲ ಮೇಲೆ ಒಂದು ತಟ್ಟು. ನೆಟ್ಟು ಬೇಡ, ಚಾರ್ಜು ಬೇಡ. ಗಾಡಿ ತನ್ನ ಬೀದಿಯಲ್ಲಿ, ತನ್ನ ಮನೆಯ ಮುಂದೆ ಬಂದು ನಿಂತಿತು.

ಜೇಬಿನಲ್ಲಿ ಫೋನು ಮಿಣುಕಿತು. ಭಾವಮೈದುನ ಹಳೆಯ ವಿಳಾಸವನ್ನೆಲ್ಲ ಅಳಿಸಿದ್ದನಾದ್ದರಿಂದ ಅದು ಮತ್ತೆ ಮೊದಲಿನಿಂದ ಕೇಳುತ್ತಿತ್ತು: 'ಈಗ ನೀವಿರುವ ಸ್ಥಳವೇ ನಿಮ್ಮ ಮನೆಯೇ?'

ಕನ್ನಡಕದವರು ಬಾಗಿಲನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಹೆಬ್ಬೆರಳು ಗಾಳಿಯಲ್ಲಿ ನಿಂತಿತು.

"ಏನೇ, ಏನು ಒತ್ತಲಿ?"

"ಮೊದಲು ಬೀಗದ ಕೈ ಹಾಕಿ ನೋಡಿ," ಎಂದರು ಹೆಂಡತಿ. "ಬಾಗಿಲು ತೆರೆದ್ರೆ ಹೌದು ಅನ್ನಿ."

ಬಾಗಿಲು ತೆರೆಯಿತು.

ಈ ಕಥೆಯನ್ನು ಓದಿದವರಿಗೂ ಓದಿಸಿ ಕೇಳಿದವರಿಗೂ ಹೊರಟ ಕಡೆಗೆ ದಾರಿಯೂ, ಮರಳುವ ಕಡೆಗೆ ದೀಪವೂ ಇರಲಿ. ದಾರಿ ತಪ್ಪಿದ ದಿನವೂ ತಟ್ಟಿದ ಬಾಗಿಲಲ್ಲಿ ಬಡಿಸುವ ಕೈಯೊಂದು ಸಿಗಲಿ. ಹೆಗಲ ಮೇಲೆ ತಟ್ಟಿ ತಿರುವು ಹೇಳುವವರು ಎಲ್ಲರಿಗೂ ದೊರೆಯಲಿ. ಎಲ್ಲರನ್ನೂ ಅವರವರ ಮನೆಗೆ ಸುಖವಾಗಿ ಮುಟ್ಟಿಸುವ ಆ ಸ್ವಾಮಿಯು ಸರ್ವರಿಗೂ ಮಂಗಳವನ್ನುಂಟುಮಾಡಲಿ.